ದಿನ ಕೇಳಬ್ಯಾಡ್ರಿ, ಹೊತ್ತು ಕೇಳ್ರಿ
ಥಂಡಿ ದಿನಗಳ ಜಾತ್ರೆ, ಪ್ರದರ್ಶನ, ನಾಟಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕ್ರಿಸ್‌ಮಸ್ ಸೂಟಿಗೆ ಪುಣೆಯಿಂದ ಮೊಮ್ಮಕ್ಕಳು ಬರ್ತಾರೆ. ಎರಡನೇ ದಿನಕ್ಕೇ ‘ಅಜ್ಜಿ, ಇಲ್ಲೇನೂ ಇಲ್ಲ’ ಅಂತ ಮೊಬೈಲ್ ಹಿಡಿದು ಕೂಡ್ತಾರೆ. ಗೋಳಗುಮ್ಮಟ ಹೋದ ವರ್ಷ ನೋಡಿದ್ದಾರೆ. ‘ಬರೀ ಗದ್ದಲ, ಏನೂ ಕೇಳಿಸಲಿಲ್ಲ’ ಅಂದ್ರು. ಊರಾಗ ಮತ್ತೇನು ತೋರಿಸಲಿ?
— ನಿವೃತ್ತ ಶಿಕ್ಷಕಿ, ಭೂತನಾಳ

ಉತ್ತರ: ಅಕ್ಕಾವ್ರೇ, ಅದನ್ನೇ ಇನ್ನೊಮ್ಮೆ ತೋರಿಸಿ. ಮಕ್ಕಳು ಹೋಗಿದ್ದು ಹನ್ನೊಂದರ ಮೇಲೆ ಇರಬೇಕು. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲ. ರಾಜ್ಯದ ಯಾವ ಮೂಲೆಯ ಬಸ್ಸು ಬಂದರೂ ಮಕ್ಕಳು ಮೊದಲು ಏರುವುದು ಗುಮ್ಮಟದ ಮೆಟ್ಟಿಲು, ಏರಿದ ಕೂಡಲೇ ಮಾಡುವುದು ಕೂಗಾಟ. ಆ ಗದ್ದಲದಲ್ಲಿ ಪ್ರತಿಧ್ವನಿಯೂ ಒಂದು ಗದ್ದಲವೇ.

ಬೆಳಗಿನ ಆರಕ್ಕೆ ಬಾಗಿಲು ತೆರೆಯುವಾಗಲೇ ಒಳಗೆ ಹೋಗಿ. ಸ್ವೆಟರ್ ಹಾಕಿಸಿ. ಮೇಲಿನ ಪಡಸಾಲೆಯಲ್ಲಿ ಒಬ್ಬ ಮೊಮ್ಮಗನನ್ನು ಈ ಬದಿಗೆ, ಇನ್ನೊಬ್ಬನನ್ನು ಎದುರು ಬದಿಗೆ ಗೋಡೆಗೆ ಕಿವಿಕೊಟ್ಟು ಕೂಡ್ರಿಸಿ. ನಡುವೆ ಸುಮಾರು 38 ಮೀಟರ್ ಬಯಲು. ಒಬ್ಬ ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಲಿ. ದನಿ ಬಾಗಿದ ಗೋಡೆಯನ್ನೇ ಹಿಡಿದು ಸುತ್ತಿಕೊಂಡು ಎದುರಿನವನ ಕಿವಿಗೆ ಬರುತ್ತದೆ. ಆಮೇಲೆ ಒಂದೇ ಒಂದು ಚಪ್ಪಾಳೆ ಹೊಡೆದು, ಎಷ್ಟು ಸಲ ಮರಳಿತು ಅಂತ ಎಣಿಸಲು ಹೇಳಿ. ಕೆಳಗೆ ಮಲಗಿರುವ ಮೊಹಮ್ಮದ್ ಆದಿಲ್ ಶಾ 1656ರಲ್ಲಿ ತೀರಿಕೊಂಡವನು ಎಂಬ ಪಾಠ ಇಳಿದು ಬಂದ ಮೇಲೆ ಸಾಕು.

ಎದುರಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯ ಇದೆ. ಅದು ಹತ್ತಕ್ಕೆ ತೆರೆಯುತ್ತದೆ, ಶುಕ್ರವಾರ ಸೂಟಿ. ನಡುವಿನ ಹೊತ್ತಿಗೆ ಬಿಸಿ ಉಪ್ಪಿಟ್ಟು, ಚಹಾ. ಒಳಗೆ ಆಯುಧ, ಪಿಂಗಾಣಿ, ರತ್ನಗಂಬಳಿ, ಹಸ್ತಪ್ರತಿ ಎಲ್ಲ ಇವೆ, ಆದರೆ ಎಲ್ಲವನ್ನೂ ತೋರಿಸಿದರೆ ಮಕ್ಕಳು ಒಂದನ್ನೂ ನೋಡುವುದಿಲ್ಲ. ಶಾಸನಗಳ ಮುಂದೆ ನಿಲ್ಲಿಸಿ, ಅರಬ್ಬಿ, ಫಾರ್ಸಿ, ಸಂಸ್ಕೃತದ ನಡುವೆ ಕನ್ನಡದ ಕಲ್ಲು ಯಾವುದು, ಹುಡುಕಿ ಅನ್ನಿ. ಶಿಕ್ಷಕಿಯಾದ ನಿಮಗೆ ಉಳಿದದ್ದನ್ನು ನಾನು ಹೇಳಬೇಕಿಲ್ಲ.

ಮಕ್ಕಳು ಊರಿಗೆ ಮರಳಿದ ಮೇಲೆ ನಿಮ್ಮ ಪಾಲಿಗೂ ಒಂದಿದೆ. ಇಲ್ಲಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದದ್ದು 2023ರ ಜನವರಿ 2ರಂದು. ಅಲ್ಲಿಂದ ಈಚೆಗೆ ಪ್ರತಿವರ್ಷ ಆ ದಿನದ ಆಸುಪಾಸಿನಲ್ಲಿ ಆಶ್ರಮದಲ್ಲಿ ಗುರುನಮನ ನಡೆಯುತ್ತದೆ.

ಪ್ರಶ್ನೆ: ಮದುವೆಯಾಗಿ ಇದು ಮೊದಲ ಸಂಕ್ರಮಣ. ಹೆಂಡತಿ ಮೈಸೂರು ಕಡೆಯವಳು. ತೊರವಿಯ ದನದ ಜಾತ್ರೆಗೆ ಹೋಗೋಣ ಅಂದರೆ ‘ಎತ್ತು ಕೊಳ್ಳೋರು ಹೋಗೋ ಜಾಗ, ನಮಗೇನು ಕೆಲಸ’ ಅಂತಾಳೆ. ಖರೇ ಹೇಳಬೇಕಂದ್ರ ನಾನೂ ಟ್ರ್ಯಾಕ್ಟರ್ ಕಾಲದವ, ನನಗೂ ದನ ತಿಳಿಯೂದಿಲ್ಲ. ಅಲ್ಲಿ ಏನು ನೋಡಬೇಕ್ರಿ?
— ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ತಮ್ಮಾ, ಈ ಜಿಲ್ಲೆಯ ಥಂಡಿಗಾಲದ ದೊಡ್ಡ ಪ್ರದರ್ಶನ ಯಾವುದು ಅಂತ ಯಾರು ಕೇಳಿದರೂ ನಾನು ತೊರವಿಯ ಕಡೆಗೇ ಕೈ ತೋರಿಸುವುದು. ನಿಮಗಂತೂ ಅದು ವಿಜಯಪುರಕ್ಕೆ ಬರುವ ದಾರಿಯಲ್ಲೇ ಸಿಗುತ್ತದೆ. ಮೈಸೂರಿನ ತಂಗಿಗೆ ಮೊದಲು ಒಂದು ಮಾತು ಹೇಳಿ: ಅವರ ಕಡೆ ಚುಂಚನಕಟ್ಟೆಯ ಜಾತ್ರೆಯಲ್ಲಿ ಕಟ್ಟುವ ಹಳ್ಳಿಕಾರ್ ಎತ್ತಿಗೂ ನಮ್ಮ ಖಿಲಾರಿಗೂ ನೆಂಟಸ್ತಿಕೆ ಉಂಟು ಎಂದು ತಳಿ ಬಲ್ಲವರು ಹೇಳುತ್ತಾರೆ. ತವರಿನ ಹೆಸರು ಬಂದ ಮೇಲೆ ಬರದೇ ಇರಲಾರರು.

ಹೊತ್ತು ಏರುವ ಮುಂಚೆ ಹೋಗಿ. ರಾತ್ರಿಯ ಥಂಡಿಗೆ ಹೊದಿಸಿದ ಜೂಲು ತೆಗೆದು, ಮೈ ತಿಕ್ಕಿ, ಕೋಡಿಗೆ ಎಣ್ಣೆ ಹಚ್ಚುವ ಹೊತ್ತು ಅದು. ಖಿಲಾರಿ ಎದ್ದುನಿಂತಾಗ ನೋಡಬೇಕು: ಬಿಳಿ ಮೈ, ತೆಳು ನಡು, ಹಿಂದಕ್ಕೆ ಬಾಗಿ ಮೇಲೇರಿದ ಕೋಡು. ಎರಡು ಎತ್ತು ಒಂದೇ ಎತ್ತರ, ಒಂದೇ ಬಣ್ಣ, ಕೋಡೂ ಒಂದೇ ಬಾಗು ಇದ್ದರೆ ಸುತ್ತ ಮಂದಿ ಕೂಡುತ್ತಾರೆ. ಒಂಟಿಯಾಗಿ ಎಷ್ಟೇ ಚೆಂದ ಇರಲಿ, ಬೆಲೆ ಇರುವುದು ಜೋಡಿಗೆ.

ಆಮೇಲೆ ಕೊಳ್ಳುವವನ ಕೈ ನೋಡಿ. ಮೊದಲು ಕೆಳತುಟಿ ಸರಿಸಿ ಹಲ್ಲು ನೋಡುತ್ತಾನೆ. ದನಕ್ಕೆ ಮುಂದಿನ ಹಲ್ಲು ಇರುವುದು ಕೆಳಗಡೆ ಮಾತ್ರ. ಎರಡು ಹಲ್ಲು ಬಿದ್ದು ಹೊಸದು ಬಂದಿದ್ದರೆ ಎರಡು-ಎರಡೂವರೆ ವರ್ಷದ ಹೋರಿ; ಎಂಟೂ ಬಂದು ಬಾಯಿಗೂಡಿದ್ದರೆ ಐದರ ಸುಮಾರು. ಸುಳಿ ಎಲ್ಲೆಲ್ಲಿವೆ ಅಂತ ಹಣೆ, ಬೆನ್ನು ತಡವುತ್ತಾನೆ. ಸುಳಿ ಸರಿಯಿಲ್ಲವೆಂದು ಒಳ್ಳೆಯ ಎತ್ತನ್ನೂ ಬಿಟ್ಟು ಹೋಗುವವರಿದ್ದಾರೆ, ಅದರ ನೆವದಲ್ಲಿ ಬೆಲೆ ಇಳಿಸುವ ಜಾಣರೂ ಇದ್ದಾರೆ. ಕಡೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ವ್ಯವಹಾರ ಕುದುರುವಾಗ ದಲಾಲ ಟವೆಲ್ಲಿನ ಕೆಳಗೆ ಕೈ ಹಾಕಿ ಎದುರಿನವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಅಮುಕಿದನೋ ಅಷ್ಟು ಸಾವಿರವೋ, ಹತ್ತು ಸಾವಿರವೋ. ಸುತ್ತ ಅಷ್ಟು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಎರಡು ಕೈಗಳಿಗೆ ಮಾತ್ರ. ಆ ಹೊತ್ತಿನಲ್ಲಿ ‘ಎಷ್ಟಕ್ಕಾತು?’ ಅಂತ ಕೇಳಬೇಡಿ, ಮೊಬೈಲನ್ನೂ ಮುಖದ ಮುಂದೆ ಹಿಡಿಯಬೇಡಿ.

ಲಾಳ ಬಡಿಯುವವರ ಹತ್ತಿರವೂ ಸ್ವಲ್ಪ ನಿಲ್ಲಿ. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಗೊರಸು ಸಮ ಮಾಡಿ ಮೊಳೆ ಹೊಡೆಯುತ್ತಾರೆ. ಕುದುರೆಗೆ ಒಂದು ಗೊರಸಿಗೆ ಒಂದೇ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಎರಡೆರಡು ತುಂಡು. ಪಕ್ಕದ ಅಂಗಡಿಗಳಲ್ಲಿ ಗೆಜ್ಜೆಸರ, ಮೂಗುದಾಣ, ಕೋಡಣಸು, ಬಾರುಕೋಲು. ನಿಮ್ಮವಳು ಒಂದು ಗೆಜ್ಜೆಸರ ಕೊಂಡು ಬಾಗಿಲಿಗೆ ಕಟ್ಟಿದರೆ ಬೇಡ ಅನ್ನಬೇಡಿ. ಹಾಗೆ ಕೊಳ್ಳುವವರೇ ಈಗ ಹೆಚ್ಚು. ಎತ್ತಿನ ಒಕ್ಕಲುತನ ಕುಗ್ಗಿದ ಹಾಗೆ ಜಾತ್ರೆಯೂ ಕುಗ್ಗುತ್ತಿದೆ. 2022ರ ಕೊನೆಗೆ ಚರ್ಮಗಂಟು ರೋಗ ಹಬ್ಬಿ ದನದ ಸಂತೆಗಳಿಗೆಲ್ಲ ತಡೆ ಬಿದ್ದದ್ದು ನಿಮಗೂ ನೆನಪಿರಬೇಕು.

ಬಿಸಿಲೇರಿದ ಮೇಲೆ ತೊರವಿಯ ನರಸಿಂಹನ ಗುಡಿಗೆ ಹೋಗಿಬನ್ನಿ. ತೊರವೆ ರಾಮಾಯಣ ಬರೆದ ನರಹರಿಯ ಊರು ಇದೇ. ಸಂಜೆ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಜಾತ್ರೆ. ನಂದಿಧ್ವಜ, ಭೋಗಿಯ ಅಕ್ಷತೆ, ಹೋಮ, ಮದ್ದು ಸುಡುವುದು, ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು, ಎಲ್ಲಕ್ಕೂ ಬೇರೆ ಬೇರೆ ದಿನ, ಬೇರೆ ಬೇರೆ ಜಾಗ. ಜಾತ್ರೆಯ ಪತ್ರಿಕೆ ಒಂದು ಕೈಯಲ್ಲಿರಲಿ.

ಪ್ರಶ್ನೆ: ವರ್ಗವಾಗಿ ಬಬಲೇಶ್ವರಕ್ಕೆ ಬಂದಿದ್ದೇನೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಬನ್ನಿ ಅಂತ ಮನೆಯ ಮಾಲೀಕರು ಕರೆದಿದ್ದಾರೆ. ಅದು ಮನೆಮಂದಿಯ ಪೂಜೆ ಅಲ್ಲವೇ, ಹೊರಗಿನವಳು ಹೋಗಬಹುದೇ? ಊರಿಂದ ತಮ್ಮನೂ ಬರುತ್ತೇನೆ ಅನ್ನುತ್ತಾನೆ. ರಜೆ ಯಾವಾಗ ಹಾಕಲಿ?
— ಬ್ಯಾಂಕ್ ಉದ್ಯೋಗಿ, ಬಬಲೇಶ್ವರ

ಉತ್ತರ: ಅವಶ್ಯ ಹೋಗಿ. ಆ ದಿನ ಹೊಲದ ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ, ನಿಮ್ಮನ್ನಂತೂ ಹೆಸರಿಟ್ಟು ಕರೆದಿದ್ದಾರೆ. ಬಿಳಿಜೋಳ ಎದೆಯುದ್ದ ನಿಂತು ತೆನೆ ಕಟ್ಟುವ, ಕಡಲೆ ಕಾಯಿಗಟ್ಟುವ ಹೊತ್ತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆಯೇ ಮನುಷ್ಯರಿಗೆ ಊಟ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು. ಬೆಳಿಗ್ಗೆ ಏನೂ ತಿನ್ನದೆ ಹೋಗುವುದು ಒಳ್ಳೆಯದು. ‘ಸಾಕು’ ಅಂದರೆ ಇನ್ನೊಂದು ಬೀಳುತ್ತದೆ.

ದಿನದ ಮಾತು. ಸಂಕ್ರಮಣ ಸೂರ್ಯನ ಲೆಕ್ಕ, ಜನವರಿ 14 ಇಲ್ಲವೆ 15. ಎಳ್ಳಮಾವಾಸ್ಯೆ ಚಂದ್ರನ ಲೆಕ್ಕ, ಅದಕ್ಕೇ ಹಿಂದೆ ಮುಂದೆ ಓಡಾಡುತ್ತದೆ. 2025ರಲ್ಲಿ ಅದು ಡಿಸೆಂಬರ್ 19ರ ಹೊತ್ತಿಗೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದರ ಮುಂದಿನ ಎಳ್ಳಮಾವಾಸ್ಯೆ 2027ರ ಜನವರಿ 7ಕ್ಕೆ ಜಾರುತ್ತದೆ, ಸಂಕ್ರಮಣಕ್ಕೆ ಬರೀ ಒಂದು ವಾರ ಮುಂಚೆ. ನಿಮ್ಮ ತಮ್ಮ ಒಂದೇ ರಜೆಯಲ್ಲಿ ಚರಗವನ್ನೂ ಜಾತ್ರೆಯನ್ನೂ ನೋಡಬೇಕೆಂದರೆ ಆ ವರ್ಷವನ್ನೇ ಹಿಡಿಯಲಿ. ತಿಂಗಳ ಕೊನೆಯವರೆಗೆ ಉಳಿದರೆ ಸೀತನಿಯೂ ಸಿಕ್ಕೀತು: ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿಯ ಜೊತೆ ತಿನ್ನುವುದು.

ಪ್ರಶ್ನೆ: ಬೆಂಗಳೂರಿನಲ್ಲಿ ಚಿತ್ರಸಂತೆ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ. ಹಂಪಿಯಲ್ಲಿ ಉತ್ಸವ. ನಮ್ಮ ನವರಸಪುರ ಉತ್ಸವ ಎಲ್ಲಿ ಹೋಯಿತು? ಚಿತ್ರ ಬರೆಯುವ ನಮ್ಮಂಥವರು ಚಳಿಗಾಲದಲ್ಲಿ ಏನು ಮಾಡಬೇಕು?
— ಕಾಲೇಜು ವಿದ್ಯಾರ್ಥಿ, ವಿಜಯಪುರ

ಉತ್ತರ: ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಆ ಉತ್ಸವ ಸರ್ಕಾರ ಮನಸ್ಸು ಮಾಡಿದ ವರ್ಷ ಇರುತ್ತದೆ, ಮಾಡದ ವರ್ಷ ಇರುವುದಿಲ್ಲ. ಅದನ್ನು ನಂಬಿ ಥಂಡಿಗಾಲ ಕಳೆಯಬೇಡ.

ಇಬ್ರಾಹಿಂ ಆದಿಲ್ ಶಾ ಕಟ್ಟಿಸಿದ ನವರಸಪುರದ ಕಥೆಯೂ ಹೀಗೆಯೇ ನಿಂತದ್ದು. 1599ರಲ್ಲಿ ಕಟ್ಟಲು ತೊಡಗಿದ ಸಂಗೀತದ ಊರನ್ನು 1624ರಲ್ಲಿ ಮಲಿಕ್ ಅಂಬರ್ ಕೆಡವಿ ಹೋದ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ‘ಕಿತಾಬ್-ಎ-ನವರಸ್’ ಎಂಬ ಹಾಡಿನ ಪುಸ್ತಕ ಬರೆದ ಸುಲ್ತಾನನ ಊರಿನಲ್ಲಿ ಈಗ ಉಳಿದಿರುವುದರಲ್ಲಿ ಕಣ್ಣು ತುಂಬುವಂಥದು ತೊರವಿಯ ಬಳಿಯ ಸಂಗೀತ ಮಹಲಿನ ದೊಡ್ಡ ಕಮಾನು. ಸಂಜೆ ನಾಲ್ಕರ ನಂತರ ಹಲಗೆ, ಹಾಳೆ ತಗೊಂಡು ಗೆಳೆಯರೊಂದಿಗೆ ಅಲ್ಲಿ ಕೂಡು. ಓರೆ ಬಿಸಿಲಿಗೆ ಕಮಾನು ಎದ್ದು ಕಾಣುವುದು ಆಗಲೇ. ಬರೆದದ್ದನ್ನು ಜಾತ್ರೆಯ ದಿನ ಊರಲ್ಲೇ ಎಲ್ಲಾದರೂ ನೇತುಹಾಕಿರಿ. ಬೆಂಗಳೂರಿನ ಚಿತ್ರಸಂತೆ 2003ರಲ್ಲಿ ಶುರುವಾದದ್ದೂ ರಸ್ತೆಯ ಮೇಲೆಯೇ. ಓಟ ಇಷ್ಟವಿದ್ದರೆ ಡಿಸೆಂಬರಿನ ವೃಕ್ಷಥಾನ್ ಇದೆ, ಸ್ಮಾರಕಗಳನ್ನು ಬೆಳಗಿನ ಜಾವ ನೋಡಲು ಅದೂ ಒಂದು ನೆವ. ನಾಟಕ, ಸಂಗೀತಕ್ಕೆ ಕಂದಗಲ್ ಹನುಮಂತರಾಯ ರಂಗಮಂದಿರದ ಫಲಕವನ್ನು ವಾರಕ್ಕೊಮ್ಮೆ ಓದಿ ಬಾ.

ಪ್ರಶ್ನೆ: ನಾವು ಸೊಲ್ಲಾಪುರದ ಕನ್ನಡಿಗರು. ವಿಜಯಪುರದ ಸಿದ್ಧೇಶ್ವರ ಜಾತ್ರೆ, ನಮ್ಮ ಜಾತ್ರೆ ಎರಡೂ ಒಂದೇ ಹೊತ್ತಿಗೆ. ಯಾವುದನ್ನು ಬಿಡುವುದು?
— ಗೃಹಿಣಿ, ಸೊಲ್ಲಾಪುರ

ಉತ್ತರ: ನಿಮ್ಮದನ್ನು ಬಿಡಬೇಡಿ. ಸೊನ್ನಲಿಗೆಯ ಸಿದ್ಧರಾಮನ ಮೂಲ ನಿಮ್ಮಲ್ಲಿಯೇ. ಏಳು ನಂದಿಧ್ವಜ ಸಾಲಾಗಿ ಎದ್ದು, 68 ಲಿಂಗಗಳನ್ನು ಸುತ್ತಿ, ಅಕ್ಷತೆಯ ಹೊತ್ತಿಗೆ ಕೆರೆಯ ದಂಡೆಗೆ ಬರುವುದನ್ನು ನೋಡಲು ನಮ್ಮವರೇ ಅಲ್ಲಿಗೆ ಬರುತ್ತಾರೆ. ಸಂಕ್ರಮಣ ಮುಗಿಸಿ ಇತ್ತ ಹೊರಡಿ. ನಮ್ಮ ಅಂಗಡಿಸಾಲು ಪೂಜೆ ಮುಗಿದ ಮರುದಿನವೇ ಗಂಟು ಕಟ್ಟುವುದಿಲ್ಲ.

ಪ್ರಶ್ನೆ: ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ಕಂಪನಿ ನಾಟಕ ನೋಡಬೇಕೆಂದು ನಮ್ಮತ್ತೆಗೆ ಆಸೆ. ಹೆಸರುಗಳನ್ನು ಓದಿದರೇ ಮುಜುಗರ. ಮನೆಮಂದಿ ಕೂತು ನೋಡುವಂತಿರುತ್ತವೆಯೇ?
— ಭೂತನಾಳದ ಸೊಸೆ

ಉತ್ತರ: ಹೆಸರು ಮಂದಿಯನ್ನು ಕರೆಯಲು ಇಡುವುದು, ಒಳಗಿರುವುದು ಹೆಚ್ಚಾಗಿ ಅಣ್ಣ-ತಂಗಿ, ಅತ್ತೆ-ಸೊಸೆಯ ಕಣ್ಣೀರು. ಜೋಡಿ ಅರ್ಥದ ಮಾತುಗಳು ಇರುತ್ತವೆ, ಇಲ್ಲವೆಂದು ಹೇಳಲಾರೆ. ನಿಮ್ಮತ್ತೆ ಅವಕ್ಕೆ ನಿಮಗಿಂತ ಮೊದಲು ನಕ್ಕರೆ ಅಚ್ಚರಿಪಡಬೇಡಿ. ಮಕ್ಕಳಿದ್ದರೆ ಮೊದಲ ಆಟಕ್ಕೇ ಹೋಗಿ. ರಾತ್ರಿ ಬೆಳೆದಂತೆ ಹಾಸ್ಯದ ಲಗಾಮು ಸಡಿಲಾಗುತ್ತದೆ.

ತೇರು ಬನದ ಹುಣ್ಣಿಮೆಗೆ. 2027ರಲ್ಲಿ ಅದು ಜನವರಿ 22ಕ್ಕೆ ಬೀಳುತ್ತದೆ. ಆ ದಿನದ ನೂಕುನುಗ್ಗಲಿನಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ, ಕಂಪನಿಗಳು ಅಲ್ಲಿ ವಾರಗಟ್ಟಲೆ ಬೀಡುಬಿಟ್ಟಿರುತ್ತವೆ. ವಿಜಯಪುರದಿಂದ ಬಾದಾಮಿಗೆ ನೇರ ರೈಲು ಮಾರ್ಗವಿದೆ. ಹಗಲು ಹೊತ್ತು ಕಟ್ಟಿಗೆಯ ಬಾಗಿಲು, ಚೌಕಟ್ಟು ಮಾರುವ ಸಾಲಿನಲ್ಲಿ ಸುತ್ತಿ. ಮನೆ ಕಟ್ಟಿಸುವವರು ದೂರದೂರದಿಂದ ಬಂದು ಕೆತ್ತನೆಯ ಮೇಲೆ ಬೆರಳಾಡಿಸಿ ನೋಡಿ ಕೊಂಡೊಯ್ಯುತ್ತಾರೆ. ರಾತ್ರಿ ಟೆಂಟಿನೊಳಗೆ ಥಂಡಿ ಕೆಳಗಿನಿಂದ ಹತ್ತುತ್ತದೆ, ಅತ್ತೆಗೆ ಒಂದು ಕೌದಿ, ಕಾಲುಚೀಲ ತಪ್ಪದೆ ಒಯ್ಯಿರಿ. ತೀರಾ ಮುಂದಿನ ಸಾಲು ಬೇಡ, ಅಲ್ಲಿ ಹಾರ್ಮೋನಿಯಂ, ತಬಲಾದ ಅಬ್ಬರಕ್ಕೆ ಮಾತು ಕೇಳಿಸುವುದಿಲ್ಲ. ನಾಲ್ಕನೆಯದೋ ಐದನೆಯದೋ ಸಾಲಿನ ಅಂಚಿನ ಕುರ್ಚಿ ಹಿಡಿಯಿರಿ, ನಡುವೆ ಎದ್ದು ಚಹಾಕ್ಕೆ ಹೋಗಲೂ ಸಲೀಸು.