ಆರು ಗಂಟೆಯ ಗೇಟು, ಆರೂ ಐವತ್ತರ ಸೂರ್ಯ

ಬೆಟ್ಟದ ಮೇಲಿನ ಸೂರ್ಯೋದಯದ ಚಿತ್ರ, ಸೂರ್ಯ ಹುಟ್ಟುವ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿರುತ್ತದೆ. ಕ್ಯಾಮೆರಾ ಹಿಡಿದವರಿಗೆ ಇದು ಗೊತ್ತು. ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬರುವ ಭಾವಮೈದುನರಿಗೆ ಗೊತ್ತಿರುತ್ತದೆ ಎನ್ನುವ ಖಾತರಿಯಿಲ್ಲ.

ಲೆಕ್ಕ ಸರಳ. ಜನವರಿ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಸೂರ್ಯ ಮೂಡುವುದು 6.50ರ ಆಸುಪಾಸು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತವರಿಗೆ ಪೂರ್ವದ ಬಯಲುಸೀಮೆ ತೀರ ಕೆಳಗಿರುವುದರಿಂದ, ಮೂರ್ನಾಲ್ಕು ನಿಮಿಷ ಮೊದಲೇ ಕಾಣುತ್ತಾನೆ. ಆದರೆ ಬಣ್ಣ ಬರುವುದು ಅದಕ್ಕೂ ಮುಂಚೆ, ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿದ್ದಾಗಿನಿಂದ. ಡಿಸೆಂಬರಿನ ಲಂಡನ್ನಿನಲ್ಲಿ ಆ ಸಂಧ್ಯೆ 40 ನಿಮಿಷದಷ್ಟು ಎಳೆಯುತ್ತದೆ. ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಸಿಗುವುದು 22–23 ನಿಮಿಷ. ಅಂದರೆ 6.25ಕ್ಕೆಲ್ಲ ಟ್ರೈಪಾಡ್ ಊರಿ, ಫೋಕಸ್ ಮಾಡಿ, ಸುಮ್ಮನೆ ಕೈ ಕಟ್ಟಿ ನಿಂತಿರಬೇಕು.

ಈಗ ಗೇಟಿನ ಲೆಕ್ಕ. 2025ರ ಸೆಪ್ಟೆಂಬರಿನಿಂದ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ ಕಡ್ಡಾಯ, ಬೆಳಗಿನ ಪಾಳಿ ಶುರುವಾಗುವುದು 6 ಗಂಟೆಗೆ. ವಾರಾಂತ್ಯದಲ್ಲಿ ಆ ದಾರಿಯ ಗತಿ ಕಂಡವರು ಮಿತಿ ಹಾಕಿದ್ದನ್ನು ತಪ್ಪೆನ್ನಲಾರರು. ಆದರೆ ಘಟ್ಟದ ಬುಡದಿಂದ ತುದಿಗೆ, ತಿರುವುಗಳಲ್ಲಿ ಯಾರೂ ಅಡ್ಡ ಬರದಿದ್ದರೂ ಅರ್ಧ ಗಂಟೆ ಹಿಡಿಯುತ್ತದೆ, ಆಮೇಲೆ ಮುಳ್ಳಪ್ಪಸ್ವಾಮಿ ಗುಡಿಯವರೆಗೆ ಮೆಟ್ಟಿಲು ಬೇರೆ.

ಈ ಲೇಖಕ ಗೇಟಿನಲ್ಲಿ ಮೊದಲನೆಯವನಾಗಿ ನಿಲ್ಲಬೇಕೆಂದು ಹೊರಟವನು. ಭಾವಮೈದುನ ಊರ ಅಂಚಿನಲ್ಲಿ ಕಾಫಿ ಎಂದ. ಕಾಫಿ ಸೀಮೆಗೆ ಬಂದು ಕಾಫಿ ಕುಡಿಯದೆ ಹೋಗುವುದೇ ಎಂಬುದು ಅವನ ವಾದ. ಸೂರ್ಯ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಇನ್ನೊಂದು. ಗೇಟಿಗೆ ಬಂದರೆ ಮುಂದೆ ಕೆಂಪು ದೀಪಗಳ ಸಾಲು. ಕಾವಲಿನವರು ಪ್ರತಿ ಮೊಬೈಲಿನ ರಶೀದಿಯನ್ನೂ ಬೇರೆ ಮೊಬೈಲಿನಲ್ಲಿ ಪರೀಕ್ಷಿಸುತ್ತಿದ್ದರು, ಎರಡರಲ್ಲೂ ನೆಟ್‌ವರ್ಕ್ ಇಲ್ಲ. ಮುದ್ರಿಸಿ ತಂದ ಹಾಳೆ ತೋರಿಸಿದರೆ ‘ಫೋನಲ್ಲಿ ತೋರ್ಸಿ ಸಾರ್’ ಎಂಬ ಉತ್ತರ. ಹಿಂದಿನ ಕಾರಿನವರು ಹಾರ್ನ್ ಹೊಡೆದರು, ಅದಕ್ಕೆ ಬೈಸಿಕೊಂಡವನು ಮಾತ್ರ ಈ ಲೇಖಕ.

ಅಂತೂ ಗೇಟು ದಾಟಿ ಹತ್ತತೊಡಗಿದಾಗ ಸಿಲ್ವರ್ ಓಕ್ ಮರಗಳ ಸಂದಿನಲ್ಲಿ ಆಕಾಶ ಕಿತ್ತಳೆಯಾಗುತ್ತಿತ್ತು. ಒಂದು ತಿರುವಿನಲ್ಲಿ ಟೆಂಪೊ ಟ್ರಾವೆಲರ್ ತಿರುಗಲಾರದೆ ಹಿಂದಕ್ಕೆ ಸರಿಯುತ್ತ, ಮುಂದಕ್ಕೆ ಬರುತ್ತ ನಿಂತಿತು. ಕಾರಿನ ಕಿಟಕಿಯಿಂದ ಕಾಣುವ ಅಂಗೈಯಗಲದ ಆಕಾಶದಲ್ಲಿ ಕಿತ್ತಳೆ ಗುಲಾಬಿಗೆ ತಿರುಗಿ, ಗುಲಾಬಿ ಹಳದಿಗೆ ತಿರುಗುವುದನ್ನು ಕೂತಲ್ಲೇ ನೋಡಬೇಕಾಯಿತು. ಬ್ಯಾಗಿನಲ್ಲಿ ಮೂರು ಲೆನ್ಸು. ಪಕ್ಕದಲ್ಲಿ ಭಾವಮೈದುನ ನಿಪ್ಪಟ್ಟಿನ ಪೊಟ್ಟಣ ಬಿಚ್ಚಿದ.

ಮೆಟ್ಟಿಲು ಹತ್ತಿದ್ದಲ್ಲ, ಓಡಿದ್ದು. ಮೇಲೆ ಗಾಳಿ ಕಿವಿಗೆ ಬಡಿಯುತ್ತಿತ್ತು. ಟ್ರೈಪಾಡ್ ಊರುವಷ್ಟರಲ್ಲಿ ಕಣಿವೆಯ ಮಂಜು ಗಾಳಿಯೊಂದಿಗೆ ಬೆಟ್ಟದ ಮೈಯೇರಿ ಬಂದು ಎಲ್ಲವನ್ನೂ ಮುಚ್ಚಿತು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಗಿಳಿದು ಅಲ್ಲೇ ಮಂಜಾಗಿ ನಿಲ್ಲುವುದು ಚಳಿಗಾಲದ ವಾಡಿಕೆ. ಮೇಲಿಂದ ಅದು ಹಾಲಿನ ಕೆರೆಯಂತೆ ಕಾಣುತ್ತದೆ, ಚಿತ್ರಕ್ಕೆ ಎಲ್ಲರೂ ಬಯಸುವುದು ಅದನ್ನೇ. ಅದೇ ಮಂಜು ನೆತ್ತಿಗೇರಿದರೆ ಲೆನ್ಸಿನ ಗಾಜೆಲ್ಲ ಹನಿ. ಹಾಗೆಯೇ ಆಯಿತು. ಒರೆಸುವ ಬಟ್ಟೆಗೆ ಬ್ಯಾಗಿನೊಳಗೆ ಕೈ ಹಾಕಿದ್ದಷ್ಟೇ, ಭಾವಮೈದುನ ಸಹಾಯಕ್ಕೆ ಮುಂದಾಗಿ ಮಫ್ಲರಿನ ತುದಿಯಿಂದ ಲೆನ್ಸನ್ನು ಒರೆಸಿಯೇಬಿಟ್ಟ. ನಿಪ್ಪಟ್ಟು ತಿಂದ ಕೈಯನ್ನು ಒರೆಸಿಕೊಂಡ ಮಫ್ಲರ್! ಮಂಜು ಸರಿದು ಸೂರ್ಯ ಕಂಡಾಗ ಪರದೆಯ ಮೇಲೆ ಮೂಡಿದ್ದು ಬೆಳಕಿನ ಒಂದು ದೊಡ್ಡ ಕಲೆ. ಗಾಜಿನ ಮೇಲಿನ ಎಣ್ಣೆಯ ಪೊರೆ ಎದುರಿನ ಬೆಳಕನ್ನೆಲ್ಲ ಚದುರಿಸಿಬಿಡುತ್ತದೆ. ಪೂರ್ವಕ್ಕೆ ತೆಗೆದ ಒಂದು ಚಿತ್ರವೂ ಉಳಿಯಲಿಲ್ಲ.

ಉಳಿದದ್ದು ಪಶ್ಚಿಮ. ಗುಡಿಯ ಮುಂದೆ ಸೆಲ್ಫಿಯ ಗದ್ದಲ ನಡೆದಿದ್ದಾಗ ಎದುರು ದಿಕ್ಕಿನಲ್ಲಿ ಗಿರಿಯ ಸ್ವಂತ ನೆರಳು ಕಣಿವೆಯ ಮಂಜಿನ ಮೇಲೆ ನೀಲಿ ತ್ರಿಕೋನವಾಗಿ ಚಾಚಿತ್ತು. ಬೆಳಕು ಬೆನ್ನ ಹಿಂದಿದ್ದರೆ ಎಣ್ಣೆಯ ಕಲೆ ಅಷ್ಟಾಗಿ ಕಾಡುವುದಿಲ್ಲ. ಡಾರ್ಜಿಲಿಂಗಿನ ಟೈಗರ್ ಹಿಲ್ಲಿನಲ್ಲಿ ಬಲ್ಲವರು ಇದನ್ನೇ ಮಾಡುತ್ತಾರೆ: ಪೂರ್ವವನ್ನು ಬಿಟ್ಟು ಉತ್ತರಕ್ಕೆ ತಿರುಗುತ್ತಾರೆ. 8,586 ಮೀಟರಿನ ಕಾಂಚನಜುಂಗಾದ ತುದಿಗೆ ಬಿಸಿಲು ತಾಗುವುದು ನೋಡುಗರಿಗೆ ಸೂರ್ಯ ಕಾಣುವ ಮೊದಲೇ.

ಹೊರಡುವವರಿಗೆ ಒಂದೆರಡು ಮಾತು. ಲೆನ್ಸಿನ ಅನಂತದ ಗುರುತನ್ನು ನಂಬಬೇಡಿ. ಕೆಳಗಿನ ಊರಿನ ದೀಪವೊಂದನ್ನು ಪರದೆಯಲ್ಲಿ ಹಿಗ್ಗಿಸಿ ಫೋಕಸ್ ಮಾಡಿ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕಿತ್ತಳೆಯನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ, ಡೇಲೈಟಿಗಿಡಿ. ಉರಿವ ಆಕಾಶ, ಕಪ್ಪು ಕಣಿವೆ ಎರಡೂ ಒಂದೇ ಎಕ್ಸ್‌ಪೋಷರಿನಲ್ಲಿ ಹಿಡಿಯುವುದಿಲ್ಲ. ಅಮೆರಿಕದ ಪರ್ವತ ಛಾಯಾಗ್ರಾಹಕ ಗೇಲನ್ ರೊವೆಲ್ ಫಿಲ್ಮಿನ ಕಾಲದಲ್ಲಿ ಅರ್ಧ ಕಪ್ಪು, ಅರ್ಧ ತಿಳಿಯಾದ ಫಿಲ್ಟರುಗಳಿಂದ ಇದನ್ನು ಸಾಧಿಸಿದ, ಈಗ ಬೇರೆಬೇರೆ ಎಕ್ಸ್‌ಪೋಷರಿನಲ್ಲಿ ಮೂರು ತೆಗೆದು ಸೇರಿಸಿದರೂ ಆದೀತು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಒರೆಸುವ ಬಟ್ಟೆಯೂ ಜೇಬಿನಲ್ಲೇ ಇರಲಿ. ಭಾವಮೈದುನ ಮನೆಯಲ್ಲಿರಲಿ.

ಆದರೆ ಇದೆಲ್ಲ ಗೇಟು ದಾಟಿದ ಮೇಲಿನ ಮಾತು. ಮೇ ಕೊನೆಗೆ ಚಿಕ್ಕಮಗಳೂರಿನಲ್ಲಿ ಸೂರ್ಯ ಮೂಡುವುದೇ 6ರ ಸುಮಾರಿಗೆ, ಗೇಟು ತೆರೆಯುವುದೂ ಆಗಲೇ. ವರ್ಷವಿಡೀ ಒಂದೇ ಗಡಿಯಾರಕ್ಕೆ ಜೋತುಬೀಳುವ ಬದಲು, ಸೂರ್ಯೋದಯಕ್ಕೆ ಒಂದೂವರೆ ಗಂಟೆ ಮೊದಲು ಬೆರಳೆಣಿಕೆಯ ವಾಹನಗಳಿಗೆ, ಬೇಕಿದ್ದರೆ ಹೆಚ್ಚಿನ ಶುಲ್ಕ ಪಡೆದೇ, ದಾರಿ ಬಿಡಲಿ. ಮುದ್ರಿಸಿ ತಂದ ರಶೀದಿಯನ್ನೂ ಒಪ್ಪಿಕೊಳ್ಳಲಿ.