ವಿದ್ಯುತ್ತಿನ ಲೆಕ್ಕ, ಹೊಳೆಯ ಲೆಕ್ಕ

ಪೀಠಿಕೆ

ಗುಂಡಿಯನ್ನೊತ್ತಿದೊಡನೆ ಮನೆಯಲ್ಲಿ ದೀಪ ಬೆಳಗುತ್ತದೆ. ಆ ಬೆಳಕು ಎಲ್ಲಿಂದ ಬಂದಿತು, ಅದಕ್ಕಾಗಿ ಯಾರು ಏನನ್ನು ತೆತ್ತರು ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಸುಳಿಯುವುದೇ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಜನರಿಗಾದರೋ ಇದು ನಿತ್ಯಜೀವನದ ಪ್ರಶ್ನೆ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಹೊಳೆಯೇ ಗದ್ದೆಗೂ ದೋಣಿಗೂ ಆಧಾರ. ಆ ಹೊಳೆಯನ್ನೇ ವಿದ್ಯುತ್ತಿಗಾಗಿ ಬಳಸಬೇಕೆಂದಾಗ ಜನರು ಲಾಭನಷ್ಟಗಳ ಲೆಕ್ಕ ಕೇಳಿದರು. ಪರಿಸರ ರಕ್ಷಣೆಯ ಹೋರಾಟವೆಂದರೆ ಕೇವಲ ಘೋಷಣೆ ಮೆರವಣಿಗೆಗಳೆಂದು ತಿಳಿಯುವುದು ಸಲ್ಲದು. ಈ ಜಿಲ್ಲೆಯ ಹೋರಾಟಗಳಿಗೆ ಬಲ ಬಂದುದು ಜನರು ತಾವೇ ಲೆಕ್ಕ ಹಾಕಲು ಕಲಿತುದರಿಂದ. ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಎರಡು ಅಳಿವೆಗಳು

ನೆರೆಹೊರೆಯ ತಾಲ್ಲೂಕುಗಳಲ್ಲಿ ಎರಡು ನದಿಗಳು ಕಡಲನ್ನು ಸೇರುತ್ತವೆ. ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅಘನಾಶಿನಿ. ಮಳೆ, ಮಣ್ಣು, ಕಾಡು, ಕಡಲು ಎಲ್ಲವೂ ಬಹುಮಟ್ಟಿಗೆ ಒಂದೇ. ಮುಖ್ಯವಾದ ಭೇದವೆಂದರೆ ಶರಾವತಿಗೆ ಅಣೆಕಟ್ಟುಗಳಿವೆ. ಅಘನಾಶಿನಿಯ ಮುಖ್ಯ ಪ್ರವಾಹಕ್ಕೆ ದೊಡ್ಡ ಅಣೆಕಟ್ಟಿಲ್ಲ.

ಶರಾವತಿಯು ನಾಡಿಗೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. 1940ರ ದಶಕದ ಕೊನೆಯಲ್ಲಿ ಜೋಗದಲ್ಲಿ ಆರಂಭವಾದ ವಿದ್ಯುದಾಗಾರ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ, ಕೊನೆಯದಾಗಿ ಗೇರುಸೊಪ್ಪೆಯ 240 ಮೆಗಾವಾಟ್ ಕೇಂದ್ರ, ಇವೆಲ್ಲವೂ ಕನ್ನಡನಾಡಿನ ಕೈಗಾರಿಕೆಗಳಿಗೆ ಚೈತನ್ಯ ನೀಡಿದವು. ಆದರೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ನೆಲೆ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕವು ತಮಗೆ ತೋರಿಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಎರಡು ತಲೆಮಾರುಗಳ ಕಾಲ ಅಲೆದಾಡಬೇಕಾಯಿತು.

ಇದು ಮೇಲಿನ ಕಣಿವೆಯ ಕಥೆ. ಕೆಳಗಿನ ಅಳಿವೆಯಲ್ಲಿ ಆದುದು ಸುಲಭವಾಗಿ ಕಣ್ಣಿಗೆ ಬೀಳದು. ಅಳಿವೆಯೆಂದರೆ ಸಿಹಿನೀರೂ ಉಪ್ಪುನೀರೂ ಕೂಡುವ ತಾಣ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ನೀರು ಸಿಹಿಯಾಗುತ್ತದೆ. ಬೇಸಗೆಯಲ್ಲಿ ಹರಿವು ಇಳಿದಂತೆ ಉಬ್ಬರದ ಉಪ್ಪುನೀರು ಒಳನಾಡಿನವರೆಗೆ ಏರುತ್ತದೆ. ಮೀನು, ಸಿಗಡಿ, ಬೆಳಚು ಮೊದಲಾದ ಜೀವಿಗಳ ಬಾಳು ಈ ಏರಿಳಿತಕ್ಕೆ ಹೊಂದಿಕೊಂಡಿದೆ. ವಿದ್ಯುದಾಗಾರದ ಯಂತ್ರಗಳು ವರ್ಷವಿಡೀ ತಿರುಗುವುದರಿಂದ ಶರಾವತಿಯ ಅಳಿವೆಗೆ ಬೇಸಗೆಯಲ್ಲಿಯೂ ಸಿಹಿನೀರು ಹರಿದುಬರುತ್ತದೆ. ಪರಿಣಾಮವಾಗಿ ಉಪ್ಪಿನಂಶ ತಗ್ಗಿ, ಅದನ್ನೇ ಆಶ್ರಯಿಸಿದ ಚಿಪ್ಪುಜೀವಿಗಳು ಅಲ್ಲಿ ಕ್ಷೀಣಿಸಿದವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡುಕೊಂಡರು.

ಅಘನಾಶಿನಿಯ ಚಿತ್ರ ಬೇರೆ. ಅಲ್ಲಿ ಕಾಂಡ್ಲಾ ವನಗಳಿವೆ, ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಗಜನಿಯಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ನುಗ್ಗಿ ಮೀನು ಸಿಗಡಿಗಳನ್ನು ತರುತ್ತದೆ. ಅದೇ ಸಂಸ್ಥೆಯ ಸಂಶೋಧಕರು 2000ದ ದಶಕದಲ್ಲಿ ಅಂದಾಜು ಮಾಡಿದಂತೆ, ಈ ಒಂದೇ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ದೊರೆಯುತ್ತಿದ್ದವು. ಅವುಗಳ ಬೆಲೆ ಸುಮಾರು 5.8 ಕೋಟಿ ರೂಪಾಯಿ. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದೇ ನೇರ ಜೀವನೋಪಾಯ. ಬಂಡವಾಳ ಹೂಡದೆ, ಹೊಗೆಯುಗುಳದೆ ನಡೆಯುವ ಉದ್ದಿಮೆಯಿದು. ಆದರೂ ಯೋಜನಾ ವರದಿಗಳ ಆದಾಯದ ಪಟ್ಟಿಯಲ್ಲಿ ಇಂತಹ ಉದ್ದಿಮೆಗೆ ಬಹುಕಾಲ ಸ್ಥಾನ ದೊರೆತಿರಲಿಲ್ಲ.

ಜನರು ಹಿಡಿದ ತಕ್ಕಡಿ

ಲೆಕ್ಕ ಕೇಳುವ ಈ ಪರಿಪಾಠ ಜಿಲ್ಲೆಯ ಘಟ್ಟದ ಮೇಲೆ ಮೊದಲು ಬಲಗೊಂಡಿತು. ಗಂಗಾವಳಿಯೆಂಬ ಹೆಸರಿನಿಂದ ಅಂಕೋಲಾ ಮತ್ತು ಕುಮಟಾ ತಾಲ್ಲೂಕುಗಳ ಗಡಿಯಲ್ಲಿ ಕಡಲನ್ನು ಸೇರುವ ಬೇಡ್ತಿ ನದಿಗೆ 210 ಮೆಗಾವಾಟ್ ಜಲವಿದ್ಯುತ್ ಯೋಜನೆ ಸಿದ್ಧವಾದಾಗ, ಶಿರಸಿ ಯಲ್ಲಾಪುರಗಳ ಅಡಿಕೆ ಬೆಳೆಗಾರರು ಬರಿಯ ವಿರೋಧಕ್ಕೆ ನಿಲ್ಲಲಿಲ್ಲ. ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆದು, 1981ರಲ್ಲಿ ವಿಚಾರ ಸಂಕಿರಣವೊಂದನ್ನು ನಡೆಸಿದರು. ಮುಳುಗುವ ತೋಟ, ಕಾಡಿನ ಸೊಪ್ಪು, ಉರುವಲು, ಜೇನು ಇವುಗಳಿಗೆ ಬೆಲೆ ಕಟ್ಟಿದರೆ ಯೋಜನೆಯ ಲಾಭ ಎಷ್ಟು ಉಳಿಯುತ್ತದೆ ಎಂಬುದು ಅಲ್ಲಿ ಚರ್ಚೆಯ ವಿಷಯವಾಯಿತು. ಆ ಯೋಜನೆ ಮುಂದೆ ಸಾಗಲಿಲ್ಲ. ಜನಸಾಮಾನ್ಯರು ಸರ್ಕಾರದ ಲೆಕ್ಕಕ್ಕೆ ಪ್ರತಿಲೆಕ್ಕವನ್ನು ಮುಂದಿಟ್ಟ ಮೊದಲ ಪ್ರಸಂಗಗಳಲ್ಲಿ ಇದೂ ಒಂದೆಂದರೆ ತಪ್ಪಾಗಲಾರದು.

ಬಳಿಕ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸುವ ಅಪ್ಪಿಕೋ ಚಳವಳಿ ಆರಂಭವಾಯಿತು. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು 1989ರಲ್ಲಿ ಈ ಕ್ಷೇತ್ರದಿಂದಲೇ ಲೋಕಸಭೆಗೆ ಸ್ಪರ್ಧಿಸಿದರು. ಅವರು ಗೆಲ್ಲಲಿಲ್ಲ, ಸ್ಥಾವರವೂ ಸ್ಥಾಪನೆಯಾಯಿತು. ಆದರೆ ಶಕ್ತಿಯ ಪ್ರಶ್ನೆ ಚುನಾವಣೆಯ ವೇದಿಕೆಯನ್ನು ಏರಿತು. ಮುಂದೆ 2000ದ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟಿನ ಬೃಹತ್ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಾಗ ಕುಮಟಾದ ಮೀನುಗಾರರೂ ಕೃಷಿಕರೂ ಒಂದಾಗಿ ಅದನ್ನು ವಿರೋಧಿಸಿದರು, ಪ್ರಸ್ತಾಪ ಕೈಬಿಟ್ಟುಹೋಯಿತು. ಅದೇ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮನ್ನಣೆ ದೊರೆತುದು ಇಲ್ಲಿ ಸ್ಮರಣೀಯ.

ಬೇಡಿಕೆಯ ಲೆಕ್ಕ

“ಜಲವಿದ್ಯುತ್ ಬೇಡ, ಕಲ್ಲಿದ್ದಲು ಬೇಡ, ಅಣುಶಕ್ತಿಯೂ ಬೇಡ, ಹಾಗಾದರೆ ದೀಪ ಉರಿಯುವುದು ಹೇಗೆ?” ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಇದಕ್ಕೆ ರಾಜ್ಯಮಟ್ಟದಲ್ಲಿ ಉತ್ತರ ಹುಡುಕಿದವರಲ್ಲಿ ಅಗ್ರಗಣ್ಯರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಕೆ.ಎನ್. ರೆಡ್ಡಿ. 1974ರಲ್ಲಿ ಗ್ರಾಮಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದವರು ಅವರು. ಕಡಿಮೆ ಸೌದೆಯಲ್ಲಿ ಹೊಗೆಯಿಲ್ಲದೆ ಉರಿಯುವ ಅಸ್ತ್ರ ಒಲೆ ಅಲ್ಲಿಂದಲೇ ಬಂದಿತು.

2000ನೆಯ ಇಸವಿಯ ವೇಳೆಗೆ ಕರ್ನಾಟಕಕ್ಕೆ ಎಷ್ಟು ವಿದ್ಯುತ್ ಬೇಕಾದೀತೆಂದು ಸರ್ಕಾರದ ಸಮಿತಿಯೊಂದು 1987ರಲ್ಲಿ ಅಂದಾಜು ಮಾಡಿತ್ತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಜನರಿಗೆ ಬೇಕಾದುದು ಬೆಳಕು, ಬಿಸಿನೀರು, ಗದ್ದೆಗೆ ನೀರು. ಇವನ್ನು ಅತಿ ಕಡಿಮೆ ವಿದ್ಯುತ್ತಿನಲ್ಲಿ ಒದಗಿಸುವುದು ಹೇಗೆ? ಮಿತವ್ಯಯದ ದೀಪ, ಸೌರಶಾಖದ ನೀರಿನ ಒಲೆ, ಉತ್ತಮ ಪಂಪ್‌ಸೆಟ್ಟು, ಊರೂರಿನಲ್ಲಿ ಸಣ್ಣ ಉತ್ಪಾದನೆ ಇವನ್ನು ಸೇರಿಸಿ ಲೆಕ್ಕ ಹಾಕಿದಾಗ, ಸಮಿತಿಯ ಅಂದಾಜಿನ ಸುಮಾರು ಐದರಲ್ಲಿ ಎರಡು ಪಾಲು ವಿದ್ಯುತ್ತೇ ಸಾಕೆಂದು ಕಂಡುಬಂದಿತು. ಪರಿಸರ ಚಳವಳಿಗೆ ಇದೊಂದು ಭದ್ರವಾದ ಬುನಾದಿಯಾಯಿತು. ಬೇಡವೆನ್ನುವವರು ಬೇಕಾದುದನ್ನೂ ಹೇಳಬಲ್ಲವರಾದರು.

ಶುದ್ಧ ಶಕ್ತಿಯ ಹೊಸ ಸಮಸ್ಯೆ

ಈಗ ಕಾಲ ಬದಲಾಗಿದೆ. ಪಾವಗಡದಂತಹ ಬಯಲುಸೀಮೆಯಲ್ಲಿ 2000 ಮೆಗಾವಾಟ್ ಮಿಕ್ಕಿದ ಸೌರವಿದ್ಯುತ್ ಉದ್ಯಾನ ನಿರ್ಮಾಣವಾಗಿದೆ. ಆದರೆ ಸೂರ್ಯನು ಹಗಲಿನಲ್ಲಿ ಕೊಡುತ್ತಾನೆ. ಮನೆಗಳಲ್ಲಿ ಬೇಡಿಕೆ ಏರುವುದು ಸಂಜೆ. ಹಗಲಿನ ಶಕ್ತಿಯನ್ನು ಸಂಜೆಗೆ ಕೂಡಿಡುವ ಒಂದು ಉಪಾಯವೇ ಪಂಪ್ಡ್ ಸ್ಟೋರೇಜ್ ಎಂಬ ವ್ಯವಸ್ಥೆ. ವಿದ್ಯುತ್ ಹೆಚ್ಚಾಗಿರುವಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತುವುದು, ಕೊರತೆಯಾದಾಗ ಅದನ್ನು ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವುದು ಇದರ ಕ್ರಮ.

ಶರಾವತಿ ಕಣಿವೆಯಲ್ಲಿ ಗೇರುಸೊಪ್ಪೆಯ ಜಲಾಶಯದಿಂದ ತಳಕಳಲೆಗೆ ನೀರೆತ್ತುವ 2000 ಮೆಗಾವಾಟಿನ ಇಂತಹ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿತು. ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಅಲ್ಪವೆಂಬುದು ಅದರ ಪರವಾದ ವಾದ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸುರಂಗ, ಭೂಗತ ವಿದ್ಯುದಾಗಾರ, ರಸ್ತೆಗಳು ಹಾಯಬೇಕಾದುದು ಸಿಂಗಳೀಕದ ಅಭಯಾರಣ್ಯದಲ್ಲಿ. ಅಷ್ಟೇ ಅಲ್ಲದೆ, ನೀರೆತ್ತಲು ವ್ಯಯವಾಗುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಯಾವಾಗಲೂ ಹೆಚ್ಚು. ನೂರಕ್ಕೆ ಎಂಬತ್ತರ ದಕ್ಷತೆಯೆಂದು ಹಿಡಿದರೂ 100 ಯೂನಿಟ್ ಮರಳಿ ಪಡೆಯಲು 125 ಯೂನಿಟ್ ವ್ಯಯಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದಾಗ ಹೊನ್ನಾವರದ ಜನರು ಇಂತಹ ಪ್ರಶ್ನೆಗಳನ್ನೇ ಮುಂದಿಟ್ಟು ವಿರೋಧ ಸೂಚಿಸಿದರು. ಹೊಗೆಯಿಲ್ಲ ಎಂದ ಮಾತ್ರಕ್ಕೆ ಶಕ್ತಿಯೊಂದು ಶುದ್ಧವಾಗುವುದಿಲ್ಲ. ಕಾಡಿಗೂ ಅಳಿವೆಗೂ ಆಗುವ ನಷ್ಟವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ.

ವಿದ್ಯಾರ್ಥಿಗಳ ಕರ್ತವ್ಯ

ಲೆಕ್ಕವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಿಂದಲೇ ಆರಂಭಿಸಬಹುದು. 60 ವಾಟಿನ ಹಳೆಯ ಬಲ್ಬಿನ ಸ್ಥಾನದಲ್ಲಿ 9 ವಾಟಿನ ಎಲ್‌ಇಡಿ ದೀಪವಿದ್ದರೆ 51 ವಾಟ್ ಉಳಿತಾಯ. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ ಸುಮಾರು 93 ಯೂನಿಟ್. ಒಂದು ಲಕ್ಷ ಮನೆಗಳಲ್ಲಿ ಒಂದೊಂದು ದೀಪ ಹೀಗೆ ಬದಲಾದರೆ ಸಂಜೆಯ ಬೇಡಿಕೆಯಲ್ಲಿ 5 ಮೆಗಾವಾಟಿಗೂ ಮಿಕ್ಕಿ ಇಳಿಕೆಯಾಗುತ್ತದೆ. ಒಂದು ಹೊಳೆಯನ್ನೂ ತಡೆಯದೆ ಕಟ್ಟಿದ ವಿದ್ಯುದಾಗಾರವಿದು!

ಹಾಗೆಂದು ಕಠಿಣವಾದ ಸತ್ಯವನ್ನು ಮುಚ್ಚಿಡಬಾರದು. ಭಟ್ಕಳದಂತಹ ಕರಾವಳಿಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದಿರುವಾಗ ಮಾಡಿನ ಮೇಲಿನ ಸೌರಫಲಕ ಸಾಕಷ್ಟು ಕೊಡಲಾರದು. ಅದೇ ಮಳೆಗಾಲದಲ್ಲಿ ಬಯಲುಸೀಮೆಯ ಗಾಳಿಯಂತ್ರಗಳು ಚುರುಕಾಗಿ ತಿರುಗುತ್ತವೆ, ಜಲಾಶಯಗಳೂ ತುಂಬುತ್ತವೆ. ಆದುದರಿಂದ ಒಂದು ಸೀಮೆಯ ಕೊರತೆಯನ್ನು ಇನ್ನೊಂದು ಸೀಮೆ ತುಂಬುವಂತೆ ಇಡೀ ರಾಜ್ಯವನ್ನು ಒಂದು ಕುಟುಂಬವೆಂದು ಭಾವಿಸಿ ಯೋಜಿಸುವುದು ಅಗತ್ಯ. ಆ ಕುಟುಂಬದಲ್ಲಿ ಬೆಳಕು ಎಲ್ಲರಿಗೂ, ಕತ್ತಲೆ ಮಾತ್ರ ಹೊಳೆಯ ದಡದವರಿಗೆ ಎಂಬಂತಾಗಬಾರದು.

ಉಪಸಂಹಾರ

ಅಘನಾಶಿನಿಯ ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಬೆಳಚು ಆಯುವ ತಾಯಂದಿರಿಗೆ ಮೆಗಾವಾಟಿನ ಪರಿಭಾಷೆ ತಿಳಿಯದಿರಬಹುದು. ಆದರೆ ನೀರು ಎಂದು ಉಪ್ಪಾಗಬೇಕು, ಎಂದು ಸಿಹಿಯಾಗಬೇಕು ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ಎಂಜಿನಿಯರನ ಲೆಕ್ಕದ ಪುಸ್ತಕದಲ್ಲಿ ಅವರ ಅರಿವಿಗೂ ಒಂದು ಪುಟ ಇರಲೇಬೇಕು. ನಾಳೆ ಆ ಪುಸ್ತಕವನ್ನು ಬರೆಯುವವರು ಇಂದು ಶಾಲೆಯಲ್ಲಿ ಕುಳಿತಿರುವ ನೀವೇ. ಎರಡೂ ಲೆಕ್ಕಗಳನ್ನು ಕಲಿತು, ಎರಡನ್ನೂ ಪ್ರಾಮಾಣಿಕವಾಗಿ ಕೂಡಿ ಕಳೆದು, ಬಂದ ಉತ್ತರವನ್ನು ಅಂಜದೆ ಹೇಳುವ ಧೈರ್ಯ ನಿಮ್ಮದಾಗಲಿ.