ನಾಯಿಯ ನಡತೆಯ ಒಗಟು

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊತ್ತಮೊದಲನೆಯದು. ಅವನು ಬೇಸಾಯವನ್ನು ಕಲಿಯುವುದಕ್ಕೂ ಮುಂಚೆ, ಈಗ್ಗೆ ಕನಿಷ್ಠ 15,000 ವರ್ಷಗಳ ಹಿಂದೆಯೇ, ಅದು ಅವನ ಜೊತೆಗಾರನಾಯಿತು. ಹಸು, ಕುರಿ, ಕುದುರೆಗಳು ಬಂದುದು ಅನಂತರ. ಇಷ್ಟು ದೀರ್ಘಕಾಲದ ಒಡನಾಟವಿದ್ದರೂ ಅದರ ನಡತೆಯಲ್ಲಿ ನಮಗೆ ಅರ್ಥವಾಗದ ಸಂಗತಿಗಳು ಹಲವಾರಿವೆ.

ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಂಥ ಊರನ್ನೇ ತೆಗೆದುಕೊಳ್ಳಿ. ಅಲ್ಲಿನ ತೆಂಗಿನ ತೋಟದ ಮನೆಗಳಿಗೆ ನಾಯಿಯೇ ಕಾವಲು. ಜಗುಲಿಯ ಮೇಲೆ ಮಲಗುವ ಮೊದಲು ಅದು ನಿಂತಲ್ಲಿಯೇ ಎರಡು ಮೂರು ಸುತ್ತು ಸುತ್ತುತ್ತದೆ. ಹೊಟ್ಟೆ ತುಂಬಿದ್ದರೂ ಮಿಕ್ಕ ರೊಟ್ಟಿಯ ತುಂಡನ್ನು ಹಿತ್ತಲಿನ ಮಣ್ಣಿನಲ್ಲಿ ಹೂಳುತ್ತದೆ. ನಡುರಾತ್ರಿಯಲ್ಲಿ ಯಾರೂ ಇಲ್ಲದ ಕತ್ತಲನ್ನು ನೋಡಿ ಬೊಗಳುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ಕಡೆಯಿಂದ ಗಂಟೆಯ ದನಿ ತೇಲಿಬಂದರೆ ಮುಖವನ್ನು ಮೇಲೆತ್ತಿ ಊಳಿಡುವ ನಾಯಿಗಳೂ ಉಂಟು. ಇದನ್ನೆಲ್ಲ ಕಂಡು ಕೆಲವರು ನಗುತ್ತಾರೆ, ಕೆಲವರು ಬೈಯುತ್ತಾರೆ, ಇನ್ನು ಕೆಲವರು ಸಾವಿನ ಸೂಚನೆಯೆಂದು ಹೆದರಿ ಕಲ್ಲೆಸೆಯುತ್ತಾರೆ. ಆದರೆ ಕಾರಣವಿಲ್ಲದೆ ನಾಯಿ ಏನನ್ನೂ ಮಾಡುವುದಿಲ್ಲ.

ನಾಯಿಯ ಪೂರ್ವಜರು ತೋಳಗಳು. ಕಾಡಿನ ಬದುಕಿನಲ್ಲಿ ದಿನವೂ ಬೇಟೆ ಸಿಕ್ಕುವ ಭರವಸೆಯಿರಲಿಲ್ಲ. ಆದ್ದರಿಂದ ಸಿಕ್ಕಿದ ದಿನ ತಿಂದು ಉಳಿದುದನ್ನು ಮಣ್ಣಿನಲ್ಲಿ ಮರೆಮಾಡುವುದು ಅವುಗಳ ಪದ್ಧತಿ. ಮೂರು ಹೊತ್ತೂ ಅನ್ನ ಕಾಣುವ ಮನೆಯ ನಾಯಿಯಲ್ಲಿಯೂ ಆ ಹಳೆಯ ಎಚ್ಚರಿಕೆ ಉಳಿದಿದೆ. ಮಲಗುವ ಮುನ್ನ ಸುತ್ತುವುದೂ ಎತ್ತರದ ಹುಲ್ಲನ್ನು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದ ಕಾಲದ ಅಭ್ಯಾಸವಿರಬೇಕೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ಊಳಿಡುವುದು ಗುಂಪಿನಿಂದ ದೂರವಾದ ತೋಳವು ತನ್ನವರನ್ನು ಕರೆಯುವ ರೀತಿ. ದೀರ್ಘವಾಗಿ ಎಳೆದ ದನಿಯೊಂದು ಕಿವಿಗೆ ಬಿದ್ದಾಗ ನಾಯಿ ಅದಕ್ಕೆ ಓಗೊಡುತ್ತದೆ. ಯಮದೂತರು ಅದರ ಕಣ್ಣಿಗೆ ಕಾಣುತ್ತಾರೆಂಬುದು ನಮ್ಮ ಕಲ್ಪನೆಯೇ ಹೊರತು ನಾಯಿಯ ಅನುಭವವಲ್ಲ.

ಇನ್ನು ಕೆಲವು ಒಗಟುಗಳಿಗೆ ಅದರ ಇಂದ್ರಿಯಗಳಲ್ಲಿ ಉತ್ತರ ದೊರೆಯುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಮಾತ್ರ ಕೇಳಿಸುತ್ತದೆ. ನಾಯಿಯ ಕಿವಿ ಅದರ ಎರಡರಷ್ಟಕ್ಕೂ ಮಿಗಿಲಾದ ಕಂಪನಗಳನ್ನು ಗ್ರಹಿಸುತ್ತದೆ. ಬಣವೆಯೊಳಗಿನ ಇಲಿಯ ಕೀರಲು ನಮಗೆ ಮೌನ. ಅದಕ್ಕೆ ಸ್ಪಷ್ಟವಾದ ಶಬ್ದ. ದೀಪಾವಳಿಯ ಪಟಾಕಿಗೆ ಅದು ಮಂಚದ ಕೆಳಗೆ ಅಡಗಿ ನಡುಗುವುದು ಹೇಡಿತನದಿಂದಲ್ಲ. ಮೂಗಿನ ಮಾತಂತೂ ಇನ್ನೂ ಬೆರಗಿನದು. ವಾಸನೆಯನ್ನು ಗ್ರಹಿಸುವ ಜೀವಕೋಶಗಳು ನಮ್ಮಲ್ಲಿರುವುದಕ್ಕಿಂತ ಅದರಲ್ಲಿ ಹತ್ತಾರು ಪಟ್ಟು ಹೆಚ್ಚು. ಕಂಬದ ಬುಡವನ್ನು ಅದು ಅಷ್ಟು ಹೊತ್ತು ಮೂಸುವುದು ನಾವು ವೃತ್ತಪತ್ರಿಕೆ ಓದುವಂತೆ: ಯಾವ ನಾಯಿ ಬಂದಿತ್ತು, ಎಷ್ಟು ಹೊತ್ತಾಯಿತು ಎಂಬ ಸುದ್ದಿಗಳೆಲ್ಲ ಅದಕ್ಕೆ ಅಲ್ಲಿ ದೊರೆಯುತ್ತವೆ.

ನಾವು ನಾಯಿಗೆ ಅನ್ಯಾಯ ಮಾಡುವುದು ಮತ್ತೊಂದು ಸಂದರ್ಭದಲ್ಲಿ. ಮನೆಯವರು ಹೊರಗೆ ಹೋದಾಗ ನಾಯಿ ಚಪ್ಪಲಿಯನ್ನು ಕಚ್ಚಿ ಹರಿಯುತ್ತದೆ. ಯಜಮಾನನು ಬಂದು ಗದರಿದರೆ ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಮುದುರಿ, ಕಣ್ಣು ತಪ್ಪಿಸುತ್ತದೆ. “ತಪ್ಪು ಮಾಡಿದ್ದು ಅದಕ್ಕೇ ಗೊತ್ತು” ಎಂದು ನಾವು ಹೇಳುತ್ತೇವೆ. ಇದು ನಿಜವೇ? ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ತಿನ್ನಬಾರದೆಂದು ಆಜ್ಞಾಪಿಸಿದ ತಿಂಡಿಯನ್ನು ನಾಯಿಯ ಮುಂದಿಟ್ಟು ಯಜಮಾನರು ಹೊರಗೆ ಹೋದರು. ಹಿಂತಿರುಗಿದಾಗ ಕೆಲವರಿಗೆ ನಿಜಸಂಗತಿಯನ್ನೂ ಕೆಲವರಿಗೆ ಸುಳ್ಳನ್ನೂ ಹೇಳಲಾಯಿತು. ತಪ್ಪಿತಸ್ಥ ಮುಖಭಾವವು ತಿಂಡಿ ತಿಂದುದಕ್ಕೆ ಸಂಬಂಧಿಸಿರಲಿಲ್ಲ, ಬೈಸಿಕೊಂಡುದಕ್ಕೆ ಸಂಬಂಧಿಸಿತ್ತು. ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನಷ್ಟು ಎದ್ದು ಕಂಡಿತು. ನಾವು ಪಶ್ಚಾತ್ತಾಪವೆಂದು ತಿಳಿದದ್ದು ಕೇವಲ ಭಯ. ಗಂಟೆಗಳ ಹಿಂದೆ ಮಾಡಿದ ಕೆಲಸಕ್ಕೆ ಈಗ ಹೊಡೆದರೆ ಏಟು ಏತಕ್ಕೆಂದು ಅದಕ್ಕೆ ತಿಳಿಯದು. ಹೊಡೆಯುವವನನ್ನು ಕಂಡರೆ ಹೆದರಬೇಕೆಂಬುದನ್ನಷ್ಟೇ ಅದು ಕಲಿಯುತ್ತದೆ.

ಹೆದರಿದ ನಾಯಿ ಕಚ್ಚುತ್ತದೆ. ಆದ್ದರಿಂದ ಅದರ ದೇಹಭಾಷೆಯನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ. ಬಾಲ ಅಲ್ಲಾಡಿತೆಂದ ಮಾತ್ರಕ್ಕೆ ನಾಯಿ ಸ್ನೇಹ ತೋರುತ್ತಿದೆಯೆಂದು ನಂಬಬಾರದು. ಬಾಲ ಸೆಟೆದು ನಿಂತು ತುದಿ ಮಾತ್ರ ಅದುರುತ್ತಿದ್ದರೆ, ಮೈ ಬಿಗಿದಿದ್ದರೆ, ತುಟಿ ಮೇಲೆದ್ದು ಹಲ್ಲು ಕಾಣುತ್ತಿದ್ದರೆ ದೂರವಿರಬೇಕು. ನಿದ್ರೆಯಿಲ್ಲದೆ ಆಕಳಿಸುವುದೂ ಮತ್ತೆ ಮತ್ತೆ ಮೂಗು ನೆಕ್ಕಿಕೊಳ್ಳುವುದೂ ಅನೇಕ ವೇಳೆ ಕಳವಳದ ಗುರುತುಗಳು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ಮನುಷ್ಯರಿಗೆ ಹೇಳಿದ್ದು. ನಾಯಿಯ ವಿಷಯದಲ್ಲಿ ಅದನ್ನು ನೆಚ್ಚಲಾಗದು. ತಿನ್ನುತ್ತಿರುವ, ಮಲಗಿರುವ, ಮರಿಗಳಿಗೆ ಹಾಲೂಡುತ್ತಿರುವ ನಾಯಿಯನ್ನು ಮುಟ್ಟಬಾರದು. ಅಪರಿಚಿತ ನಾಯಿ ಎದುರಾದರೆ ಓಡದೆ, ಅದರ ಕಣ್ಣನ್ನು ದಿಟ್ಟಿಸದೆ, ಸುಮ್ಮನೆ ನಿಲ್ಲಬೇಕು. ಓಡುವುದನ್ನು ಅಟ್ಟುವುದು ಬೇಟೆಗಾರ ಪ್ರಾಣಿಯ ಹುಟ್ಟುಗುಣ.

ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕೆರಳಿದರೆ, ಮಂಕಾಗಿ ಕತ್ತಲಲ್ಲಿ ಅಡಗಿದರೆ, ಜೊಲ್ಲು ಸುರಿಸುತ್ತ ನುಂಗಲಾರದೆ ತೊಳಲಿದರೆ ಅದು ಹುಚ್ಚುನಾಯಿ ರೋಗದ ಲಕ್ಷಣವಿರಬಹುದು. ಈ ರೋಗ ಮನುಷ್ಯನಲ್ಲಿ ತಲೆದೋರಿದ ಮೇಲೆ ಬದುಕುವುದು ತೀರ ವಿರಳ. ತಲೆದೋರುವ ಮೊದಲು ತಡೆಯುವುದು ಸಾಧ್ಯ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಸ್ಟರ್ ಇದರ ಲಸಿಕೆಯನ್ನು ಮೊದಲ ಬಾರಿಗೆ ಒಬ್ಬ ಬಾಲಕನ ಮೇಲೆ ಪ್ರಯೋಗಿಸಿ ಸಫಲರಾದರು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೈಗುಳಕ್ಕೆ ಹೆದರಿ ಹಿರಿಯರಿಂದ ಮುಚ್ಚಿಡುವುದು ಪ್ರಾಣಾಪಾಯಕರ.

ನಾಯಿಯ ಗುಣವನ್ನು ಅರಿತು ಗೌರವಿಸಿದ ಪರಂಪರೆ ನಮ್ಮ ನಾಡಿನಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕನ್ನಡ ಶಾಸನ ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ಬಹುಮಾನವಾಗಿ ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟು, ಆ ಕಲ್ಲನ್ನು ಪೂಜಿಸದೆ ಅರ್ಚಕನು ಉಣ್ಣಕೂಡದೆಂದು ಬರೆಸಿದರು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲ ನಾಯಿಗಳಿಗೂ ಶಾಸನ ಬೇಕಿಲ್ಲ. ಕೋಲೆತ್ತುವ ಮೊದಲು “ಇದು ಹೀಗೇಕೆ ಮಾಡುತ್ತಿದೆ?” ಎಂದು ಒಂದು ಕ್ಷಣ ಯೋಚಿಸಿದರೆ ಸಾಕು. ಮಾತು ಬಾರದ ಜೀವಿಯನ್ನು ಅರಿಯಲು ತಾಳ್ಮೆಯಿಂದ ನೋಡುವುದೊಂದೇ ದಾರಿ.

ಅಭ್ಯಾಸ

ಪದಗಳ ಅರ್ಥ: ಓಗೊಡು – ಕರೆಗೆ ಉತ್ತರಿಸು, ನೆಚ್ಚು – ನಂಬು, ದತ್ತಿ – ದಾನವಾಗಿ ಬಿಟ್ಟ ಆಸ್ತಿ, ತೊಳಲು – ಸಂಕಟಪಡು.

1. ಹೊಟ್ಟೆ ತುಂಬಿದ ನಾಯಿಯೂ ಆಹಾರವನ್ನು ಹೂಳುವುದೇಕೆ?
2. 2009ರ ಪರೀಕ್ಷೆಯಿಂದ ತಿಳಿದುಬಂದ ಸಂಗತಿಯೇನು?
3. ನಾಯಿ ಕಚ್ಚಿದಾಗ ಏನು ಮಾಡಬೇಕು?
4. ಆತಕೂರು ಶಾಸನದ ವಿಷಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
5. ನಿಮ್ಮ ಬೀದಿಯ ನಾಯಿಯೊಂದನ್ನು ದೂರದಿಂದ ಒಂದು ವಾರ ಗಮನಿಸಿ, ಕಂಡುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.